ಹಗೇವಿನ ಗಾಳಿ

ಗಿರಿಜಾಬಾಯಿ ಔರಾದ ಕಡೆಯ ಹೆಣ್ಣು. ಔರಾದ ಕಡೆಯವರೆಲ್ಲ ಹಟಮಾರಿಗಳು ಎಂದು ಬರೆದರೆ ಅಲ್ಲಿಯವರು ನನ್ನ ಮೇಲೆ ಜಗಳಕ್ಕೆ ಬಂದಾರು. ಆದರೆ ಅವಳನ್ನು ಮೆಹಕರಕ್ಕೆ ಸೊಸೆಯಾಗಿ ತಂದುಕೊಂಡ ಮನೆಯವರು ಆ ಮಾತನ್ನು ಹಗಲು ಹೊತ್ತಿನಲ್ಲೇ ಆಡುತ್ತಿದ್ದರು. ಅವಳು ಒಂದು ಸಲ ಇಲ್ಲ ಅಂದಳೆಂದರೆ ಮುಗಿಯಿತು, ಸಾಕ್ಷಾತ್ ಬ್ರಹ್ಮ ಇಳಿದು ಬಂದರೂ ಹೌದು ಅನ್ನಿಸಲಾರ. ಬ್ರಹ್ಮ ಬಂದರಂತೂ ಇನ್ನೂ ಕಷ್ಟ. ಓಣಿಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡ ದಿನದಿಂದ ಅವಳು ದೇವರು ದಿಂಡರು ಯಾರನ್ನೂ ಹೊಸ್ತಿಲೊಳಗೆ ಬಿಟ್ಟುಕೊಂಡವಳಲ್ಲ.

ಉಳಿದವರು ಅಷ್ಟು ಬಿಗಿ ಇರಲಿಲ್ಲ. ಜಗುಲಿಯ ಮೇಲಿನ ದೇವರನ್ನೆಲ್ಲ ಹೊಳೆಗೆ ಬಿಟ್ಟು ಬಂದಿದ್ದರೂ ಮಗುವಿಗೆ ದಡಾರ ಎದ್ದರೆ ಮೂಲೆಯಲ್ಲೊಂದು ಬೇವಿನ ತಪ್ಪಲು ತಾನಾಗಿ ಬಂದು ಕೂಡುತ್ತಿತ್ತು. ಹಳೆಯ ಪದ್ಧತಿ ಹಳೆಯ ಜ್ವರದ ಹಾಗೆ, ಬಿಟ್ಟಿತು ಅನ್ನುವಾಗ ಮತ್ತೆ ಮೈ ಬೆಚ್ಚಗಾಗುತ್ತದೆ. ಗಿರಿಜಾಬಾಯಿಯ ಮೈದುನ ಧೊಂಡಿಬಾ ಅಂತೂ ಎರಡೂ ದೋಣಿಯಲ್ಲಿ ಕಾಲಿಟ್ಟ ಮನುಷ್ಯ. ಬುದ್ಧ ವಂದನೆಗೆ ಮೊದಲ ಸಾಲಿನಲ್ಲಿ ಕೂಡುವನು, ಹುಣ್ಣಿಮೆಗೆ ಸದ್ದಿಲ್ಲದೆ ಕಾಯಿ ಒಡೆಯುವನು.

ಆ ಮನೆಗೆ ಒಂದು ಹಗೇವು ಇತ್ತು. ಹಗೇವು ಅಂದರೆ ನೆಲದೊಳಗಿನ ಕಣಜ. ಗಟ್ಟಿ ಗರಸಿನಲ್ಲಿ ತೋಡಿದ ತಗ್ಗು, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಥೇಟ್ ಗಡಿಗೆಯಂತೆ. ಒಳಗೆ ಸುತ್ತಲೂ ಹುಲ್ಲು ಹಾಸಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ತೆರೆಯುವ ದಿನ ಅದಕ್ಕೊಂದು ಪೂಜೆ. ಬಾಯಿಯ ಸುತ್ತ ಅರಿಶಿನ ಕುಂಕುಮ ಹಚ್ಚುವುದು, ಕಾಯಿ ಒಡೆಯುವುದು, ಸಣ್ಣ ಬುಟ್ಟಿಯಲ್ಲಿ ದೀಪ ಇಟ್ಟು ಹಗ್ಗದಿಂದ ಒಳಗೆ ಇಳಿಸುವುದು. ದೀಪ ತಳದವರೆಗೂ ಉರಿದರೆ ಒಳಗಿನ ತಾಯಿ ಅಪ್ಪಣೆ ಕೊಟ್ಟಳು ಅಂತ ಲೆಕ್ಕ. ಆರಿದರೆ ಮುನಿದಿದ್ದಾಳೆ, ಕಲ್ಲು ತೆರೆದೇ ಇಟ್ಟು ಮರುದಿನ ಮತ್ತೆ ಪೂಜೆ ಮಾಡಬೇಕು.

ದೀಕ್ಷೆಯಾದ ಮೇಲೆ ಮೊದಲ ಸಲ ಹಗೇವು ತೆರೆಯುವ ಪ್ರಸಂಗ ಬಂದದ್ದು ಅರವತ್ತಾರರ ಬರದಲ್ಲಿ. ಧೊಂಡಿಬಾ ಪೂಜೆಯ ತಾಟು ಹಿಡಿದು ಬಂದಾಗ ಗಿರಿಜಾಬಾಯಿ ಅದನ್ನು ಅವನ ಕೈಯಿಂದಲೇ ಕಸಿದಿದ್ದಳು.

"ಬಿತ್ತಿದವರು ನಾವು, ಬೆಳೆದವರು ನಾವು, ತಗ್ಗು ತೋಡಿದವರೂ ನಾವೇ. ನಡುವ ಬಂದು ಒಳಗ ಕೂತ ಆ ತಾಯಿ ಯಾರು? ಅಕಿ ಏನು ಹೊಲದಾಗ ಕಳೆ ತೆಗೀಲಿಕ್ಕ ಬಂದಿದ್ದಳೇನು?" ಅಂದಿದ್ದಳು.

ಗಂಡ ಕಾಶೀರಾಮ ನಕ್ಕಿದ್ದ. ಹೆಂಡತಿಯ ಮಾತಿಗೆ ಹೂಂ ಅನ್ನುವುದರಲ್ಲೇ ಒಂದು ಸುಖ ಕಂಡುಕೊಂಡಿದ್ದ ಮನುಷ್ಯ ಅವನು. ಕಲ್ಲು ಸರಿಸಿದ ಕೂಡಲೇ ಹಗ್ಗ ಹಿಡಿದು ಇಳಿದ. "ಬುಟ್ಟಿ ಬಿಡ್ರಿ" ಅನ್ನಬೇಕಾದವನು ಬುಟ್ಟಿ ಅನ್ನುವಲ್ಲಿಗೇ ಕುಸಿದ. ಧೊಂಡಿಬಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಧುಮುಕಿ ಅಣ್ಣನನ್ನು ತಬ್ಬಿ ಹಿಡಿದ. ಜನ ಇಬ್ಬರನ್ನೂ ಎಳೆದರು. ಮೇಲೆ ಬಂದ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಉಸಿರಿತ್ತು.

ತನ್ನ ಗಂಟಲನ್ನು ಯಾರೋ ಹಿಸುಕಿದರು ಎಂದು ಧೊಂಡಿಬಾ ಆಮೇಲೆ ಹೇಳಿದ. ಯಾರೋ ಅಂದರೆ ಇನ್ಯಾರು, ಪೂಜೆ ತಪ್ಪಿದ ತಾಯಿ. ಹಗೇವಿನ ಬಾಯಿಗೆ ಮತ್ತೆ ಕಲ್ಲು ಬಿತ್ತು. ಮನುಷ್ಯನನ್ನು ತಿಂದ ಜೋಳ ಎಂದು ಆ ಬರದಲ್ಲೂ ಯಾರೂ ಅದಕ್ಕೆ ಕೈ ಹಚ್ಚಲಿಲ್ಲ. ಗಿರಿಜಾಬಾಯಿ ಮಾತ್ರ ತನ್ನ ಮಾತಿಗೆ ನಿಂತಳು. ದೇವಿಯೂ ಇಲ್ಲ ಗೀವಿಯೂ ಇಲ್ಲ, ಎದೆ ನಿಂತು ಹೋದರು ಅಂದಳು. ಊರಿನ ಬಾಯಿ ತಡೆಯಲಾರದೆ ಬೀದರಕ್ಕೆ ಬಂದು ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಆಯಾ ಆಗಿ ಸೇರಿಕೊಂಡಳು.

ಜನರೆದುರು ಗಟ್ಟಿ. ಒಬ್ಬಳೇ ಕಸ ಗುಡಿಸುವಾಗ ಮಾತ್ರ ಕಸಬರಿಗೆ ನಡುವೆಯೇ ನಿಂತುಬಿಡುತ್ತಿತ್ತು. ಒಂದು ದಿನವೂ ಕೆಮ್ಮದ ಮನುಷ್ಯನ ಎದೆ ಯಾಕೆ ನಿಂತಿತು? ನಾನು ಬೇಡ ಅಂದದ್ದಕ್ಕೇ ಏನಾದರೂ? ಆರು ವರ್ಷ ಅವಳು ಆ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ, ತನಗೂ ಉತ್ತರ ಕೊಟ್ಟುಕೊಳ್ಳಲಿಲ್ಲ.

ಎಪ್ಪತ್ತೆರಡರ ಬರ ಬಂತು. ಹಿಂದಿನದು ಇದರ ತಮ್ಮ ಅನ್ನುವಂಥ ಬರ. ಮುಂಗಾರು ಕೈಕೊಟ್ಟಿತು, ಹಿಂಗಾರಿ ಬಿತ್ತಲೇ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಮಗ ಮಚ್ಛೇಂದ್ರ ಬೀದರಕ್ಕೆ ಬಂದು, ಸಾಲೆಯ ಗೇಟಿನ ಬಳಿ ನೆರಳಿನಲ್ಲಿ ಕೂತು ಸುದ್ದಿ ಹೇಳಿದ.

"ಓಣಿಯಾಗ ಅರ್ಧಾ ಮನಿಗಿ ಕೀಲಿ ಬಿದ್ದಾವ ಅವ್ವಾ. ನಾನೂ ನಿನ್ನ ಸೊಸಿ ಶಾಲುಬಾಯಿನೂ ಹೈದರಾಬಾದಿಗಿ ಹೋಗಬೇಕಂತ ಗಂಟು ಕಟ್ಟೇವಿ. ಆದರ ಕಾಕಾ ತಡದಾನ. ಹಗೇವು ತೆರಿಯೋಣ, ಒಳಗಿನ ಜೋಳ ಛಲೋ ಇದ್ದರ ಮಳಿಗಾಲದ ತನಕ ಊರು ಬಿಡೋದು ಬ್ಯಾಡ ಅಂತಾನ."

"ತೆರೀರಿ. ಬ್ಯಾಡ ಅಂದವರು ಯಾರು?"

"ಪೂಜಾ ಮಾಡಿಸಿ ತೆರಿಯೋಣ ಅಂತಾನ."

"ಪೂಜಾ ಗೀಜಾ ಏನಿಲ್ಲ. ಸುಮ್ನ ಕಲ್ಲು ಸರಿಸಿ ಇಳೀರಿ."

ಮಚ್ಛೇಂದ್ರ ನೆಲ ನೋಡುತ್ತ ಕೂತ. ಅವನಿಗೆ ತಾಯಿಯ ಬಾಯಿ ಬಂದಿರಲಿಲ್ಲ, ತಂದೆಯ ಮೆತ್ತನೆಯ ದನಿ ಬಂದಿತ್ತು.

"ಇಳಿಯಾಂವ ನಾನು ಅವ್ವಾ," ಅಂದ. "ನನಗ ಅಂಜಿಕಿ ಬರ್ತದ."

ಗಿರಿಜಾಬಾಯಿ ಅವನ ಕೈ ಹಿಡಿದು ಎಬ್ಬಿಸಿದಳು. ರವಿವಾರ ನಾನೇ ಬರ್ತೇನಿ, ಅಲ್ಲಿತನಕ ಯಾರೂ ಕಲ್ಲು ಮುಟ್ಟಬ್ಯಾಡ್ರಿ ಎಂದು ಹೇಳಿ ಕಳಿಸಿದಳು. ಮಗ ಹೋದ ಮೇಲೆ ಆ ಪ್ರಶ್ನೆ ಬಂದು ಎದುರಿಗೇ ಕೂತಿತು. ಈಗ ಅದು ಸತ್ತವನ ಮಾತಷ್ಟೇ ಆಗಿರಲಿಲ್ಲ, ಇದ್ದೊಬ್ಬ ಮಗನ ಮಾತಾಗಿತ್ತು.

ಮಾರನೆಯ ದಿನ ವಿಜ್ಞಾನದ ಕೋಣೆಯಲ್ಲಿ ಜ್ಞಾನಮ್ಮ ಟೀಚರ ಪಾಠ ನಡೆದಿತ್ತು. ಜ್ಞಾನಮ್ಮ ಮೆಥಡಿಸ್ಟ್ ಚರ್ಚಿನ ಮಂದಿ, ಎತ್ತರದ ಹೆಂಗಸು, ನಗುವುದು ಕಡಿಮೆ, ಪಾಠ ಹೇಳುವಾಗ ಮಾತ್ರ ಮುಖ ಅರಳುತ್ತಿತ್ತು. ಗಿರಿಜಾಬಾಯಿ ಹಿಂದೆ ನಿಂತು ಗಾಜಿನ ಪಾತ್ರೆಗಳನ್ನು ಬೂದಿ ಹಾಕಿ ಒರೆಸುತ್ತಿದ್ದಳು. ನೀರಿನ ಕಾಲವಲ್ಲವಲ್ಲ, ತೊಳೆಯುವ ಮಾತು ಯಾರೂ ಎತ್ತುತ್ತಿರಲಿಲ್ಲ.

ಟೀಚರ್ ಒಂದು ಸೀಸೆಯಲ್ಲಿ ಶಹಾಬಾದಿ ಫರಸಿಕಲ್ಲಿನ ಚೂರು ಹಾಕಿ ಮೇಲೆ ತೇಜಾಬ, ಅಂದರೆ ಆಮ್ಲ, ಸುರಿದರು. ಕಲ್ಲು ಬುಸುಬುಸು ನೊರೆ ಬಿಟ್ಟಿತು. ಅದರಿಂದ ಹೊರಟ ಗಾಳಿಯನ್ನು ನಳಿಗೆಯಿಂದ ಒಂದು ಅಗಲ ಜಾಡಿಗೆ ಇಳಿಸಿದರು. ಜಾಡಿ ಬರಿದಾಗಿಯೇ ಕಾಣುತ್ತಿತ್ತು. ಆಮೇಲೆ ಮೇಜಿನ ಮೇಲೆ ಮೇಣಬತ್ತಿ ಹಚ್ಚಿ, ಆ ಬರಿಯ ಜಾಡಿಯನ್ನು ಎತ್ತಿ, ಚರಿಗೆಯಿಂದ ನೀರು ಬಗ್ಗಿಸುವಂತೆ ಬತ್ತಿಯ ಮೇಲೆ ಬಗ್ಗಿಸಿದರು. ಏನೂ ಬೀಳಲಿಲ್ಲ, ಬತ್ತಿ ಆರಿತು. ಹುಡುಗಿಯರು ಹೋ ಎಂದರು.

"ಬಿದ್ದದ ನೋಡ್ರಿ, ನಿಮಗ ಕಾಣಲಿಲ್ಲ ಅಷ್ಟೇ," ಅಂದರು ಜ್ಞಾನಮ್ಮ. "ಎರಡು ಜಾಡಿ ಒಂದೇ ಅಳತಿವು ತಗೋರಿ. ಒಂದರಾಗ ನಮ್ಮ ಗಾಳಿ, ಒಂದರಾಗ ಇದು. ತೂಗಿದರ ಇದೇ ಹೆಚ್ಚು ತೂಗ್ತದ. ಅದಕ್ಕs ಸಾಂದ್ರತೆ ಅಂತಾರ. ಹೆಚ್ಚು ತೂಗೋದು ತಳಕ್ಕ ಕೂಡ್ತದ, ನೀರು ಕೂತಂಗ. ಬಣ್ಣಿಲ್ಲ, ವಾಸನಿಲ್ಲ. ಉರಿಯೋ ಬೆಂಕಿ ಆರಸ್ತದ. ಉಸಿರಾಡೋ ಜೀವನೂ ಆರಸ್ತದ. ಹಾಳು ಬಾವ್ಯಾಗ, ಕಾಳು ತುಂಬಿದ ಹಗೇವಿನ್ಯಾಗ ಇದು ತುಂಬಿಕೊಂಡಿರ್ತದ. ಕಾಳೂ ಉಸಿರು ಬಿಡ್ತದ, ತಿಳೀತಿಲ್ಲೋ?"

ಗಿರಿಜಾಬಾಯಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಗಂಟೆಯಾಗಿ ಹುಡುಗಿಯರು ಹೋದ ಮೇಲೆ ಮೇಜಿನ ಹತ್ತಿರ ಬಂದಳು.

"ಟೀಚರಬಾಯಿ, ಹಗೇವಿನ್ಯಾಗ ಇಳಿದ ಮನುಷ್ಯ ಇದರಿಂದ ಸಾಯ್ತಾನೇನ್ರಿ? ಗಟ್ಟಿಮುಟ್ಟ ಇದ್ದಾಂವನೂ?"

"ಪೈಲವಾನ ಇದ್ದರೂ ಸಾಯ್ತಾನ. ಒಮ್ಮೆಲೆ ಇಳಿದರ ಕೂಗಲಿಕ್ಕೂ ಪುರಸೊತ್ತು ಸಿಗೋದಿಲ್ಲ."

"ಗಂಟಲು ಹಿಸುಕಿದಂಗ ಆಗ್ತದೇನ್ರಿ?"

"ಹೌದ್ರಿ. ಯಾಕ ಗಿರಿಜಾಬಾಯಿ?"

ಗಿರಿಜಾಬಾಯಿಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಗಂಡ ಸತ್ತ ಕಾರಣ ಕೇಳಿ ಕುಣಿಯುವುದೇ ಎಂದು ನೀವು ಹುಬ್ಬು ಏರಿಸಬಹುದು. ಆರು ವರ್ಷ ಎದೆಯ ಮೇಲೆ ಕಲ್ಲು ಹೊತ್ತು ನೋಡಿ, ಆಮೇಲೆ ಹುಬ್ಬು ಏರಿಸಿ. ದೇವಿ ಕೊಂದಿರಲಿಲ್ಲ. ದೇವಿ ಕೊಂದಿರದಿದ್ದರೆ ತಾನೂ ಕೊಂದಿರಲಿಲ್ಲ. ಅವಳ ಲೆಕ್ಕ ಅಷ್ಟು ಸರಳವಾಗಿತ್ತು.

ರವಿವಾರ ಬೆಳಗಿನ ಬಸ್ಸು ಹತ್ತಿದಳು. ಭಾಲ್ಕಿಯಲ್ಲಿ ಬಸ್ಸು ಬದಲಿಸುವಾಗ ಸ್ಟೇಷನ್ನಿನ ಕಡೆ ಹೊರಟ ಜನ ಕಂಡರು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಗಂಟಿನಿಂದ ಹೊರಗೆ ಇಣುಕುವ ರೊಟ್ಟಿ ಬಡಿಯುವ ಕೊಣಮಿಗೆ. ಪರಊರಿನಲ್ಲೂ ರೊಟ್ಟಿ ತಮ್ಮದೇ ಕೊಣಮಿಗೆಯಲ್ಲಿ ಆಗಬೇಕು ಅನ್ನುವ ಜನ ನಾವು. ಬೇರೆ ದಿನವಾಗಿದ್ದರೆ ಗಿರಿಜಾಬಾಯಿಗೆ ಕಣ್ಣೀರು ಬರುತ್ತಿತ್ತು. ಅವತ್ತು ಅವಳ ತಲೆ ತುಂಬ ಧೊಂಡಿಬಾನಿಗೆ ಆಡಬೇಕಾದ ಮಾತುಗಳೇ ಸಾಲುಗಟ್ಟಿ ನಿಂತಿದ್ದವು.

ಮೆಹಕರದಲ್ಲಿ ಹಗೇವಿನ ಸುತ್ತ ಓಣಿಯಲ್ಲಿ ಉಳಿದವರೆಲ್ಲ ನೆರೆದಿದ್ದರು. ಧೊಂಡಿಬಾ ಮಡಿ ಪಂಚೆ ಉಟ್ಟು, ತಾಟಿನಲ್ಲಿ ಕಾಯಿ, ಅರಿಶಿನ, ಹಚ್ಚಿದ ದೀಪ ಇಟ್ಟುಕೊಂಡು ತಯಾರಾಗಿದ್ದ. ಮಚ್ಛೇಂದ್ರ ಸೊಂಟಕ್ಕೆ ಹಗ್ಗ ಸುತ್ತಿಕೊಂಡಿದ್ದ. ಸೊಸೆ ಶಾಲುಬಾಯಿ ಗೋಡೆಗೆ ಆತು ಗಂಡನನ್ನೇ ನೋಡುತ್ತಿದ್ದಳು.

ಗಿರಿಜಾಬಾಯಿ ಕೈಚೀಲವನ್ನೂ ಇಳಿಸದೆ ಶುರುಮಾಡಿದಳು. ಕಲ್ಲಿನ ನೊರೆ, ಬರಿಯ ಜಾಡಿ, ಆರಿದ ಬತ್ತಿ, ಎಲ್ಲ ಹೇಳಿದಳು. ಕಾಳು ಉಸಿರು ಬಿಡುತ್ತದೆ, ಆ ಉಸಿರು ತೂಕದ್ದು, ತಗ್ಗಿನಲ್ಲಿ ಕೂಡುತ್ತದೆ ಎಂದು ಕೈ ಆಡಿಸಿ ತೋರಿಸಿದಳು.

"ನಿನ್ನ ಗಂಟಲು ಹಿಸುಕಿದ್ದು ಅದೇ ಗಾಳಿ ಧೊಂಡಿಬಾ. ತಾಯಿ ಅಲ್ಲ, ಅಕಿ ತಾತನೂ ಅಲ್ಲ. ಆರು ವರ್ಷ ಊರ ತುಂಬ ಡಂಗುರ ಸಾರಿದೆಲ್ಲ, ವೈನಿ ಪೂಜಾ ಬಿಡಿಸಿ ಗಂಡನ್ನ ತಿಂದಳು ಅಂತ? ಈಗ ಹೇಳು!"

ಧೊಂಡಿಬಾ ತಾಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಬಾಯಿಯ ಜಗಳದಲ್ಲಿ ಅವನು ಅತ್ತಿಗೆಯನ್ನು ಎಂದೂ ಗೆದ್ದವನಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವರು ತಲೆಯಾಡಿಸಿದರು ಕೂಡ.

ಆಗ ಮಚ್ಛೇಂದ್ರ ಕೇಳಿದ. ಅವನು ಕೇಳಿದ್ದರಲ್ಲಿ ಕೊಂಕು ಏನೂ ಇರಲಿಲ್ಲ, ಇಳಿಯಬೇಕಾದವನು ಕೇಳುವ ಮಾತನ್ನೇ ಕೇಳಿದ.

"ಅವ್ವಾ, ಒಳಗ ಆ ಗಾಳಿ ಅದನೋ ಇಲ್ಲೋ, ಮ್ಯಾಲಿಂದ ಹ್ಯಾಂಗ ಗೊತ್ತಾಗಬೇಕು?"

"ಅದೇನು ದೊಡ್ಡ ಮಾತು? ಒಂದು ದೀಪ ಇಳಿಸಿದರ..."

ಅಷ್ಟು ಅಂದವಳು ನಿಂತುಬಿಟ್ಟಳು. ಬಾಯಿ ತೆರೆದೇ ಇತ್ತು. ಕಣ್ಣು ಧೊಂಡಿಬಾನ ತಾಟಿನ ಮೇಲೆ ಬಿದ್ದಿತ್ತು.

ಅವಳಿಗೆ ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ಬಿಸಿಲಿಗೆ ತಲೆ ಸುತ್ತಿತೇನೋ ಎಂದು ಶಾಲುಬಾಯಿ ಹತ್ತಿರ ಬಂದಳು. ಗಿರಿಜಾಬಾಯಿ ಅವಳನ್ನು ಕೈಯಿಂದಲೇ ತಡೆದಳು. ಆರು ವರ್ಷದ ಹಿಂದೆ ಇದೇ ಜಾಗದಲ್ಲಿ ಮೈದುನನ ಕೈಯಿಂದ ಕಸಿದ ತಾಟಿನಲ್ಲಿ ಕಾಯಿ ಇತ್ತು, ಅರಿಶಿನ ಇತ್ತು, ದೀಪವೂ ಇತ್ತು. ಅವಳು ಮೂರನ್ನೂ ಒಟ್ಟಿಗೆ ತೆಗೆದು ಆಚೆ ಇಟ್ಟಿದ್ದಳು. ಮಗುವನ್ನು ಮೀಯಿಸಿದ ನೀರು ಚೆಲ್ಲುವಾಗ ಮಗುವನ್ನೂ ಚೆಲ್ಲಿದಂತಾಗಿತ್ತು.

ಈಗಲೂ ತಪ್ಪಿಸಿಕೊಳ್ಳುವ ದಾರಿ ಇತ್ತು. ಎರಡು ದಿನ ಕಲ್ಲು ತೆರೆದಿಡ್ರಿ, ಗಾಳಿ ತಾನೇ ಹೋಗ್ತದ ಅಂದಿದ್ದರೆ ಸಾಕಿತ್ತು. ಮಗನ ಜೀವ ಉಳಿಯುತ್ತಿತ್ತು, ಅವಳ ಮಾತೂ ಉಳಿಯುತ್ತಿತ್ತು, ಆ ದೀಪದ ವಿಚಾರ ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ಆ ಮಾತು ಅವಳ ನಾಲಿಗೆಯ ತುದಿಯವರೆಗೂ ಬಂತು. ಆದರೆ ಹಟಮಾರಿಗಳಲ್ಲಿ ಒಂದು ಗುಣ ಇರುತ್ತದೆ. ಊರಿಗೆ ಬಗ್ಗದವರು ತಮ್ಮ ಅನುಕೂಲಕ್ಕೂ ಬಗ್ಗುವುದಿಲ್ಲ.

"ಧೊಂಡಿಬಾ," ಅಂದಳು. ದನಿ ಇಳಿದಿತ್ತು. "ಆ ದೀಪ ಕೊಡು. ಕಾಯಿ ಬ್ಯಾಡ, ಅರಿಷಿಣ ಬ್ಯಾಡ. ದೀಪ ಅಷ್ಟೇ ಕೊಡು."

ಬಗ್ಗಿದಳು ನೋಡು ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಅವಳಿಗೆ ಕೇಳಿಸಿತು. ಕಲ್ಲು ಸರಿಸಿದರು. ಅವಳು ಮೊಣಕಾಲೂರಿ ಕೂತು, ದೀಪವನ್ನು ಬುಟ್ಟಿಯಲ್ಲಿಟ್ಟು, ಹಗ್ಗ ಬಿಡುತ್ತ ಹೋದಳು. ಬಹಳ ಬಿಡಬೇಕಾಗಲಿಲ್ಲ. ಬಾಯಿಯಿಂದ ಮೊಳದಷ್ಟು ಕೆಳಗೆ ಹೋಗುವುದರಲ್ಲಿ ದೀಪ ಆರಿತು.

"ತಾಯಿ ಮುನಿದಾಳ!" ಎಂದು ಮುದುಕಿಯೊಬ್ಬಳು ಕೆನ್ನೆ ಬಡಿದುಕೊಂಡಳು.

ಗಿರಿಜಾಬಾಯಿ ಮತ್ತೆ ಹಚ್ಚಿ ಇಳಿಸಿದಳು. ಅದೇ ಜಾಗದಲ್ಲಿ ಆರಿತು. ಇನ್ನೊಮ್ಮೆ ಇಳಿಸಿದಳು, ಇನ್ನೊಮ್ಮೆ ಅಲ್ಲೇ.

"ಸಿಟ್ಟಿನಿಂದ ಆರಸಿದ್ದರ ಒಮ್ಮೆ ಮ್ಯಾಲ ಆರ್ತಿತ್ತು, ಒಮ್ಮೆ ಕೆಳಗ ಆರ್ತಿತ್ತು. ಸಿಟ್ಟಿಗೇನು ಅಳತಿ ಇರ್ತದೇನು? ಇದು ಕೆರ್‍ಯಾಗ ನೀರು ನಿಂತಂಗ ಒಂದೇ ಮಟ್ಟಕ್ಕ ನಿಂತದ," ಅಂದಳು. ಆಮೇಲೆ ಎದ್ದು ನಿಂತಳು. ಮಗನ ಕಡೆ ನೋಡಲಿಲ್ಲ, ಎಲ್ಲರಿಗೂ ಕೇಳುವಂತೆ ಹೇಳಿದಳು. "ದೇವಿ ಇಲ್ಲ ಅಂದೆ. ಅದು ಆವತ್ತೂ ಖರೆ, ಇವತ್ತೂ ಖರೆ. ಆದರ ದೇವಿ ಜೋಡಿ ಈ ದೀಪಾನೂ ತೆಗೆದು ಒಗದೆ. ಆವತ್ತು ಇದು ಇಳಿದಿದ್ದರ ಮಚ್ಛೇಂದ್ರನ ಅಪ್ಪ ಇಳೀತಿರಲಿಲ್ಲ. ಅವರು ನನ್ನ ಮಾತು ಕೇಳಿ ಹೋದರು. ತಪ್ಪು ನಂದೇ."

ವೈನಿಯ ಬಾಯಿಂದ ಈ ಮಾತು ಕೇಳಬೇಕೆಂದು ಧೊಂಡಿಬಾ ಆರು ವರ್ಷ ಕಾದಿದ್ದ. ಈಗ ಕೇಳಿದ ಮೇಲೆ ಅದನ್ನು ಏನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ. ತಾಟನ್ನು ನೆಲಕ್ಕಿಟ್ಟು, ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡ. ಮಚ್ಛೇಂದ್ರ ತಾಯಿಯ ಬಳಿ ಬಂದು ಅವಳ ಹೆಗಲ ಮೇಲಿದ್ದ ಕೈಚೀಲವನ್ನು ಮೆಲ್ಲಗೆ ಇಳಿಸಿಕೊಂಡ.

"ಬಕೀಟು ತಾ," ಅಂದಳು ಅವಳು.

"ಯಾಕ ಅವ್ವಾ?"

"ಸುರುವಲಿಕ್ಕ ಬರೋದನ್ನ ಸೇದಲಿಕ್ಕೂ ಬರ್ತದ."

ಬಾವಿ ಬತ್ತಿದ ಮೇಲೆ ಮೂಲೆ ಸೇರಿದ್ದ ತಗಡಿನ ಬಕೀಟನ್ನು ಶಾಲುಬಾಯಿ ತಂದಳು. ಗಿರಿಜಾಬಾಯಿ ಅದನ್ನು ಹಗೇವಿಗೆ ಬಿಟ್ಟು, ಎಳೆದು, ದೂರ ಹೋಗಿ ಚೆಲ್ಲಿ ಬಂದಳು. ಮತ್ತೆ ಬಿಟ್ಟಳು, ಎಳೆದಳು, ಚೆಲ್ಲಿದಳು. ಊರಿನ ಯಾವ ಬಾವಿಯಲ್ಲೂ ಒಂದು ಕೊಡ ನೀರಿಲ್ಲದ ಬರದಲ್ಲಿ ಒಬ್ಬ ಹೆಂಗಸು ಬರಿಯ ಬಕೀಟು ಸೇದಿ ಬರಿಯ ಬಕೀಟು ಚೆಲ್ಲುವುದನ್ನು ನೋಡಿ ಹುಡುಗರು ಕಿಸಕ್ಕನೆ ನಕ್ಕರು. ದೊಡ್ಡವರೂ ಬಾಯಿಗೆ ಸೆರಗು ಒತ್ತಿಕೊಂಡರು. ಆದರೆ ಸ್ವಲ್ಪ ಹೊತ್ತಿಗೆ ದೀಪ ಇಳಿಸಿ ನೋಡಿದಾಗ ಅದು ಮೊದಲಿನ ಮಟ್ಟ ದಾಟಿ ಕೆಳಗೆ ಹೋಗಿ ಆರಿತು. ನಗು ನಿಂತಿತು. ಇನ್ನೊಬ್ಬರು ಇನ್ನೊಂದು ಬಕೀಟು ತಂದರು. ಯಾರೋ ಕಂಬಳಿ ಇಳಿಸಿ ಮೇಲೆ ಕೆಳಗೆ ಆಡಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ದೀಪ ಜೋಳದ ಮೇಲೆ ಕೂತು ಅಲುಗದೆ ಉರಿಯಿತು.

ಧೊಂಡಿಬಾ ಹಗ್ಗ ಹಿಡಿದ, ಮಚ್ಛೇಂದ್ರ ಇಳಿದ. ಗಿರಿಜಾಬಾಯಿ ಹಗೇವಿನ ಬಾಯಿಗೆ ಮುಖ ಇಟ್ಟು, ಮಾತಾಡು, ಮಾತಾಡ್ತಾ ಇರು ಎಂದು ಕೂಗುತ್ತಲೇ ಇದ್ದಳು. ಅವನು ಒಳಗಿನಿಂದ ಓಗೊಡುತ್ತಲೇ ಇದ್ದ. ಮೇಲಿನ ಪದರ ಕಪ್ಪಾಗಿ ಹೆಪ್ಪುಗಟ್ಟಿದೆ ಅಂದ, ಗೋಡೆಗೆ ಹತ್ತಿದ್ದು ಮುಗ್ಗಾಗಿದೆ ಅಂದ. ಆಮೇಲೆ ಒಮ್ಮೆಲೆ ದನಿ ಏರಿತು.

"ನಡುವಿಂದು ಛಲೋ ಅದ ಅವ್ವಾ! ಬುಟ್ಟಿ ಬಿಡ್ರಿ!"

ಬುಟ್ಟಿಯ ಮೇಲೆ ಬುಟ್ಟಿ ಜೋಳ ಬಂತು. ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿದು ನೋಡಿದರು, ಮೂಸಿ ನೋಡಿದರು. ಮನುಷ್ಯನನ್ನು ತಿಂದ ಜೋಳ ಎಂದು ಯಾರೂ ಅನ್ನಲಿಲ್ಲ. ಶಾಲುಬಾಯಿ ಗುಡಿಸಲಿಗೆ ಹೋಗಿ ಹೈದರಾಬಾದಿನ ಗಂಟು ಬಿಚ್ಚಿ ಜೋಳ ಕಟ್ಟಲು ಅದೇ ಬಟ್ಟೆ ತಂದಳು. ಮಚ್ಛೇಂದ್ರ ಮೈಯೆಲ್ಲ ಧೂಳಾಗಿ ಮೇಲೆ ಬಂದು, ಕೆಮ್ಮಿ, ನಕ್ಕ. ಓಣಿಯಲ್ಲಿ ಎಷ್ಟೋ ದಿನದ ಮೇಲೆ ಗದ್ದಲ ಹುಟ್ಟಿತು.

ಎಲ್ಲರೂ ಜೋಳದ ಕಡೆ ಇರುವಾಗ ಹಗೇವಿನ ಬಾಯಲ್ಲಿ ಬಕೀಟಿನ ಸದ್ದಾಯಿತು. ಗಿರಿಜಾಬಾಯಿ ಮತ್ತೆ ಸೇದುತ್ತಿದ್ದಳು. ಅಂಗೈ ಕೆಂಪಾಗಿತ್ತು, ಸೆರಗು ಜಾರಿತ್ತು. ಎಳೆದಳು, ದೂರ ಹೋಗಿ ಚೆಲ್ಲಿದಳು, ತಿರುಗಿ ಬಂದು ಬಿಟ್ಟಳು. ಶಾಲುಬಾಯಿ ಓಡಿ ಬಂದಳು.

"ಅತ್ತಿ, ಸಾಕು ಬಿಡ್ರಿ. ಒಳಗ ಇಳಿದು ಬಂದೂ ಆತು. ಈಗ ಯಾಕ?"

"ಮಚ್ಛೇಂದ್ರಗ ಬೇಕಾದಷ್ಟು ಸೇದೇನವ್ವ," ಅಂದಳು ಗಿರಿಜಾಬಾಯಿ, ಹಗ್ಗ ಬಿಡದೆ. "ಇದು ಅವರಪ್ಪಗ."

ಧೊಂಡಿಬಾ ಜೋಳದ ರಾಶಿಯಿಂದ ಎದ್ದು ಬಂದ. ವೈನಿಯ ಹಿಂದೆ ನಿಂತು ಹಗ್ಗ ಹಿಡಿದ. ಇಬ್ಬರೂ ಸೇರಿ ಆ ಬರಿಯ ಬಕೀಟನ್ನು ಮೇಲೆ ಎಳೆದರು.